ಸದ್ದಿಲ್ಲದ ಗುಂಡಿಗೆ ಚಿಕ್ಕಿ ಕೂಗಿದ್ದು

ಈ ಕತೆ ಹೇಳಬೇಡ ಅಂತ ನಮ್ಮ ಮನೆಯವರೇ ಎಷ್ಟು ಸಲ ನನ್ನ ಬಾಯಿ ಮುಚ್ಚಿಸಿದ್ದಾರೋ. ಹೇಳೇ ಹೇಳ್ತೀನಿ. ಆ ಬಾಗಿಲು ಸ್ವಲ್ಪ ಎಳ್ಕೊಳ್ಳಿ… ಗದ್ದೆ ಕಡೆ ಕಾಣೋದು ಬೇಡ. ಯಾರಿಗೋ ಎಲ್ಲೋ ಆದದ್ದಲ್ಲ ಇದು, ನಮ್ಮ ಪಕ್ಕದ ಹಾಡಿಯ ಚಿಕ್ಕಿ ಅನ್ನೋಳಿಗೆ ಆದದ್ದು.

ಹೋದ ಆಷಾಢ. ನಮ್ಮ ನೂಲ್ಪುಳದ ಕಡೆ ನಾಟಿ ನಡೀತಿತ್ತು. ಚಿಕ್ಕಿ ಸಿದ್ದೇಶನ ತೋಟದ ಮನೆಯಲ್ಲಿ ಕಸ ಮುಸುರೆ ಮುಗಿಸಿ ಹೊರಡೋ ಹೊತ್ತಿಗೆ ಕತ್ತಲಾಗಿತ್ತು. ಹಾಡಿಗೆ ಹೋಗಬೇಕಾದರೆ ಗದ್ದೆ ಬದುವಿನ ಮೇಲೆ ನಡೆದು ಹಳೇ ಬಾವಿ ದಾಟಬೇಕು. ಬಾವಿ ಪಕ್ಕ ಆಲದ ಮರ. ಮಳೆ ನಿಂತಿತ್ತು, ಎಲೆಯಿಂದ ಹನಿ ಮಾತ್ರ ಬೀಳ್ತಿತ್ತು. ಟಪ್… ಟಪ್. ಗದ್ದೆ ತುಂಬ ಕಪ್ಪೆಗಳ ವಟವಟ. ಅವಳು ಬಾವಿ ಹತ್ತಿರ ಬಂದಳು ನೋಡಿ, ಕಪ್ಪೆಗಳೆಲ್ಲ ಒಟ್ಟಿಗೆ ಸುಮ್ಮನಾದವು.

ಆಮೇಲೆ… ಪಚ್.

ಒದ್ದೆ ಬಟ್ಟೆಯನ್ನ ಒಂದೇ ಒಂದು ಸಲ ಕಲ್ಲಿಗೆ ಹೊಡೆದ ಹಾಗೆ. ಅದರ ಬೆನ್ನಿಗೇ ಕಬ್ಬಿಣದ ಸದ್ದು. ಸರಕ್… ಚಕ್. ಕೊನೆಗೆ ಸಣ್ಣದೇನೋ ಕಲ್ಲಿನ ಮೇಲೆ ಬಿತ್ತು. ಟಿಣ್.

"ಯಾರದು?" ಅಂತ ಪಿಸುಗುಟ್ಟಿದಳು.

"ಚಿಕ್ಕೀ… ಮನೆಗೆ ಯಾವ ದಾರಿ?"

ಧ್ವನಿ ಅವಳ ಗಂಡ ಜೋಗಿದು. ಬೇಸಿಗೆಯಿಂದ ಕಾಣೆಯಾಗಿದ್ದ ಜೋಗಿದು.

ಹುಟ್ಟಿದ್ದು ಬೆಳೆದದ್ದು ಅದೇ ಹಾಡಿಯಲ್ಲಿ, ಕಣ್ಣು ಕಟ್ಟಿ ಬಿಟ್ಟರೂ ಮನೆ ಸೇರೋ ಗಂಡಸು. ಅಂಥವನು ದಾರಿ ಕೇಳ್ತಾನೆ! ನಾನಾಗಿದ್ದರೆ ಅಲ್ಲೇ ಎದೆ ಒಡೆದು ಸಾಯ್ತಿದ್ದೆ. ಚಿಕ್ಕಿ ಹೆದರಲಿಲ್ಲ ಅಂತ ನಾನು ಹೇಳಲ್ಲ, ಮೈಯೆಲ್ಲ ಬೆವರಿ ನೀರಾಯ್ತಂತೆ. ಆದರೆ ಹೆದರಿಕೆಗಿಂತ ಮೊದಲು ಅವಳಿಗೆ ಸಿಟ್ಟು ಬಂತು. ಇಷ್ಟು ದಿನ ಎಲ್ಲಿ ಹಾಳಾಗಿ ಹೋಗಿದ್ದ ಇವನು ಅಂತ.

"ಹೇಳಲ್ಲ," ಅಂದಳು. "ನೀನೆಲ್ಲಿದ್ದೀಯ, ಮೊದಲು ಅದನ್ನ ಹೇಳು."

"ಗೊತ್ತಿಲ್ಲ… ಪಚ್ ಅಂತು. ಆಮೇಲೆ ಯಾರೂ ಕೂಗಲೇ ಇಲ್ಲ."

ಅಷ್ಟೇ. ಕಪ್ಪೆಗಳು ಮತ್ತೆ ಶುರು ಮಾಡಿದವು.

ಕೂಗಲಿಲ್ಲ ಅಂದ್ರೆ ಏನು ಅಂತ ಕೇಳ್ತೀರಾ? ಆ ಹಾಡಿಯವರಲ್ಲಿ ಒಂದು ನಡವಳಿಕೆ. ಕೋವಿ ಸದ್ದು ಕಿವಿಗೆ ಬಿತ್ತು ಅಂದ್ರೆ, ಕೇಳಿದವರು ಇದ್ದಲ್ಲೇ ನಿಂತು ಒಂದು ಸಲ 'ಕೂ…' ಅಂತ ಕೂಗಬೇಕು. ಬಿದ್ದದ್ದು ಕಡವೆಯಾಗಲಿ ಮನುಷ್ಯನಾಗಲಿ, ತಾನು ಸತ್ತೆ ಅಂತ ಅದಕ್ಕೆ ತಿಳೀಬೇಕಲ್ಲ. ಕೂಗು ಕೇಳಿದರೆ ಅದು ತನ್ನ ಮೈ ಬಿದ್ದಿರೋ ಜಾಗದಿಂದಲೇ ಓಗೊಟ್ಟು ತನ್ನ ದಾರಿ ಹಿಡಿಯುತ್ತಂತೆ. ಯಾರೂ ಕೂಗಲಿಲ್ಲವೋ, ಅಲೀತಾ ಇರುತ್ತೆ. ಹಾಗಂತ ಗುಂಡು ಕೇಳದೆ ಸುಮ್ಮಸುಮ್ಮನೆ ಕೂಗೋ ಹಾಗೂ ಇಲ್ಲ. ಬದುಕಿರೋರಿಗೆ ಆ ಕೂಗು ತಾಗಿದರೆ ಅವರು ಉಳಿಯಲ್ಲ ಅಂತಾರೆ.

ಜೋಗಿ ಸಿದ್ದೇಶನ ಬಾಳೆ ತೋಟಕ್ಕೆ ಕಾವಲಿದ್ದ. ಗದ್ದೆ ಒಣಗಿ ಬಿರುಕು ಬಿಟ್ಟಿದ್ದ ಕಾಲ, ಒಂದು ಸಂಜೆ ಕಾವಲಿಗೆ ಹೋದವನು ತಿರುಗಿ ಬರಲಿಲ್ಲ. ಸಿದ್ದೇಶ ನಮ್ಮವನೇ. ನಮ್ಮ ಹಾಗೇ ಗುಂಡ್ಲುಪೇಟೆ ಕಡೆಯಿಂದ ಗಡಿ ದಾಟಿ ಬಂದು ಇಲ್ಲಿ ಬೇರು ಬಿಟ್ಟ ಮನೆತನ, ಅದಕ್ಕೇ ನಮ್ಮವರು ನನ್ನ ಬಾಯಿ ಮುಚ್ಚಿಸೋದು. ಜೋಗಿ ಕುಟ್ಟದ ಕಡೆ ಶುಂಠಿ ಕೆಲಸಕ್ಕೆ ಹೋದ, ಅಲ್ಲೇ ಯಾರನ್ನೋ ಕಟ್ಕೊಂಡಿರಬೇಕು ಅಂತ ಸಿದ್ದೇಶನೇ ಊರೆಲ್ಲ ಹಬ್ಬಿಸಿದ. ಚಿಕ್ಕಿ ಪೊಲೀಸಿಗೆ ಹೋದಳು. ಅವರು ಬಂದು ಹಾಡಿಯಲ್ಲಿ ವಿಚಾರಿಸಿದರು, ಆ ಸಂಜೆ ವೆಡಿ ಒಚ್ಚೆ, ಅವರ ಭಾಷೆಯಲ್ಲಿ ಗುಂಡಿನ ಸದ್ದು, ಏನಾದರೂ ಕೇಳ್ತಾ ಅಂತ. ಹಾಡಿಗೆ ಹಾಡಿಯೇ ಇಲ್ಲ ಅಂತು. ಚಿಕ್ಕಿಯೂ ಇಲ್ಲ ಅಂದಳು. ಹಾಡಿಯವರ ಕಿವಿ ಅಂದ್ರೆ ಸಾಮಾನ್ಯನಾ? ನಾಡಕೋವಿ ಯಾವುದು, ಅರಣ್ಯ ಇಲಾಖೆಯವರ ಕೋವಿ ಯಾವುದು, ಆನೆ ಓಡಿಸೋ ಪಟಾಕಿ ಯಾವುದು ಅಂತ ಮಲಗಿದಲ್ಲೇ ಹೇಳೋ ಜನ. ತಮಗೆ ಕೇಳಿಲ್ಲ ಅಂದ್ರೆ ಹೊಡೆದೇ ಇಲ್ಲ ಅನ್ನೋದು ಅವರ ನಂಬಿಕೆ. ಆ ನಂಬಿಕೆಯೇ ಜೋಗಿಗೆ ಮುಳುವಾಯ್ತು. ಪೊಲೀಸರು ಜೀಪು ಹತ್ತಿ ಹೋದರು.

ಬಾವಿ ಹತ್ತಿರ ಮಾತು ಕೇಳಿದ ಆ ದಿನ ಚಿಕ್ಕಿ ನೇರ ಹೋಗಿದ್ದು ಮಾವ ಕುಳ್ಳನ್ ಹತ್ತಿರ. ಜೋಗಿಯ ಅಪ್ಪ, ಹಾಡಿಗೆ ಹಿರಿಯ. ಮುದುಕ ಎಲ್ಲ ಕೇಳಿ, ಕೂಗಕೂಡದು ಅಂದುಬಿಟ್ಟ. ಒದ್ದೆ ಬಟ್ಟೆ ಸದ್ದು ಮಾಡೋ ಕೋವಿ ಭೂಮಿ ಮೇಲೆ ಇದೆಯಾ? ಯಾವುದೋ ಪೀಡೆ ಮಗನ ಧ್ವನಿ ಕದ್ದು ಆಡ್ತಿದೆ, ಅಂದ. ಅವನು ಕುಟ್ಟದಲ್ಲಿ ಬದುಕಿದ್ದು ನೀನು ಇಲ್ಲಿ ಕೂಗಿದೆಯೋ, ನಿನ್ನ ಕೈಯಾರೆ ಅವನ ಕುತ್ತಿಗೆ ಕುಯ್ದ ಹಾಗೆ ಅಂತಲೂ ಅಂದ. ಚಿಕ್ಕಿ ಬಿಡಲಿಲ್ಲ, ಮಗ ಮಳೆಯಲ್ಲಿ ದಾರಿ ಕೇಳ್ಕೊಂಡು ನಿಂತಿದ್ದಾನೆ, ನೀನು ಬೆಚ್ಚಗೆ ಒಲೆ ಮುಂದೆ ಕೂತು ನನಗೆ ನೇಮ ಹೇಳ್ತೀಯಾ ಅಂತ ಬಾಯಿಗೆ ಬಂದದ್ದು ಬೈದಳು. ಬೈದಳೇ ಹೊರತು ಕೂಗಲಿಲ್ಲ. ಹೇಗೆ ಕೂಗ್ತಾಳೆ ಹೇಳಿ. ಯಾರ ಜೊತೆಗಾದರೂ ಇರಲಿ, ಬದುಕಿರಲಿ ಪುಣ್ಯಾತ್ಮ… ಅಷ್ಟೊಂದು ಆಸೆ ಬಿಟ್ಟರೆ ಅವಳ ಹತ್ತಿರ ಇನ್ನೇನೂ ಇರಲಿಲ್ಲ.

ಕೆಲವು ದಿನ ಕಳೀತು. ಸಿದ್ದೇಶನ ಮನೆಗೆ ಮೈಸೂರಿನಿಂದ ನವೀನ್ ಅಂತ ಒಬ್ಬ ಸ್ನೇಹಿತ ಬಂದ. ದೀಪ ಹಚ್ಚೋ ಹೊತ್ತು, ಜಗಲಿಯಲ್ಲಿ ಇಬ್ಬರೂ ಗ್ಲಾಸು ಹಿಡಿದು ಕೂತಿದ್ದರು. ಸಿದ್ದೇಶ ಒಳಗಿಂದ ಒಂದು ಪಿಸ್ತೂಲು ತಂದ. ಕಳ್ಳದಾರಿಯಲ್ಲಿ ತರಿಸಿದ್ದು, ಮೂತಿಗೆ ಒಂದು ಕೊಳವೆ ಬೇರೆ. ಚಿಕ್ಕಿ ಅಲ್ಲೇ ಮೆಟ್ಟಿಲು ಗುಡಿಸ್ತಿದ್ದಳು. ಗುಡಿಸೋಳಿಗೂ ಕಿವಿ ಇದೆ ಅಂತ ಆ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಸಿದ್ದೇಶನ ಜಂಬ ನೋಡಬೇಕಿತ್ತು. ಬೇರೆ ಗುಂಡೆಲ್ಲ ಸದ್ದಿಗಿಂತ ಜೋರಾಗಿ ಓಡ್ತವೆ, ಗಾಳಿ ಸೀಳಿ ಚಟೀರ್ ಅಂತವೆ. ಇದು ಸದ್ದಿಗಿಂತ ನಿಧಾನ ಹೋಗೋ ತೋಟಾ, ಆ ಚಟೀರ್ ಇಲ್ಲವೇ ಇಲ್ಲ, ಮಿಕ್ಕಿದ ಸದ್ದನ್ನ ಕೊಳವೆ ನುಂಗುತ್ತೆ, ಈ ಹಾಡಿಯವರ ನಾಯಿಕಿವಿಗೂ ಬೀಳಲ್ಲ ಅಂದ. ಒಂದೇ ಕುಂದು ಅಂತೆ. ಪಿಸ್ತೂಲು ಒಂದು ಗುಂಡು ಹಾರಿಸಿದರೆ ಅದರ ಒದೆತಕ್ಕೇ ಖಾಲಿ ಚಿಪ್ಪು ಆಚೆ ಹಾರಿ, ಮುಂದಿನ ತೋಟಾ ತಾನಾಗಿ ಬಂದು ಕೂರಬೇಕು. ಈ ಮೆತ್ತನೆ ತೋಟಾಕ್ಕೆ ಅಷ್ಟು ಒದೆತ ಇಲ್ಲ. ಚಿಪ್ಪು ಬಾಯಲ್ಲೇ ಸಿಕ್ಕಿಕೊಳ್ಳುತ್ತೆ, ಪ್ರತಿ ಸಲ ಕೈಯಲ್ಲಿ ಎಳೀಬೇಕು. ಹಾಗಂದವನೇ ಅಂಗಳದ ಬಾಳೆ ದಿಂಡಿಗೆ ಗುರಿ ಇಟ್ಟ.

ಪಚ್.

ಕೈಯಲ್ಲಿ ಎಳೆದ. ಸರಕ್… ಚಕ್. ಚಿಪ್ಪು ಜಗಲಿ ಕಲ್ಲಿಗೆ ಬಿತ್ತು. ಟಿಣ್.

ಚಿಕ್ಕಿಯ ಕೈಯಲ್ಲಿ ಪೊರಕೆ ನಿಂತಿತು. ಅದೇ ಸದ್ದು. ಒಂದರ ಹಿಂದೆ ಒಂದು, ಬಾವಿ ಹತ್ತಿರ ಕೇಳಿದ ಹಾಗೇ. ಕೂಗಿದರೆ ಬದುಕಿದ್ದಾನೆ ಅನ್ನೋ ಆಸೆಯೂ ಮುಗೀತು, ಅವಳ ಗಂಡ ಸತ್ತ. ಕೂಗದಿದ್ದರೆ ಆ ಜೀವ ಮನೆ ದಾರಿ ಕಾಣದೆ ಬಾವಿ ಸುತ್ತ ತಿರುಗ್ತಾನೇ ಇರುತ್ತೆ… ಪೊರಕೆ ಎಸೆದಳು. ಜಗಲಿ ಹತ್ತಿದಳು. ಕೊರಳು ಹರಿಯೋ ಹಾಗೆ ಕೂಗಿದಳು.

"ಕೂ…!"

ಸಿದ್ದೇಶ ಬೆಚ್ಚಿಬಿದ್ದು, ಏನೇ ಅದು, ಹುಚ್ಚು ಹಿಡೀತಾ ಅಂತ ಗದರಿದ.

"ಗುಂಡು ಕೇಳ್ತು. ಕೇಳಿದೋರು ಕೂಗಬೇಕು."

ಬಾಳೆ ದಿಂಡಿಗೂ ಸಾವಿನ ಕೂಗಾ ಅಂತ ಅವನು ನಕ್ಕ.

"ದಿಂಡಿಗಲ್ಲ," ಅಂದಳು ಚಿಕ್ಕಿ. "ಬೇಸಿಗೇಲಿ ಹೊಡೆದೆಯಲ್ಲ, ಅವನಿಗೆ."

ಸಿದ್ದೇಶನ ನಗು ಅಲ್ಲೇ ನಿಂತಿತು. ಮಳೆ ಇಲ್ಲ, ಗಾಳಿ ಇಲ್ಲ…

"ಕೂ…"

ಓಗೊಟ್ಟಿತು. ಕಾಡಿನಿಂದಲ್ಲ, ಬಾವಿ ಕಡೆಯಿಂದಲೂ ಅಲ್ಲ. ಮನೆ ಹಿಂದೆ ಕಾಫಿ ಸಿಪ್ಪೆ ಗುಡ್ಡೆ ಹಾಕಿದ್ದ ಶೆಡ್ಡಿನಿಂದ. ನೆಲದೊಳಗಿನಿಂದ ಬಂದ ಹಾಗೆ, ಸಣ್ಣಗೆ, ಗಂಡಸಿನ ಧ್ವನಿ. ನವೀನನ ಕೈಯಿಂದ ಗ್ಲಾಸು ಜಾರಿ ಚೂರಾಯ್ತು. ಆ ಧ್ವನಿ ಕೇಳಿದ್ದನ್ನ ಆಮೇಲೆ ಅವನೇ ಪೊಲೀಸರ ಮುಂದೆ ಹೇಳಿದ್ದಾನೆ, ನಾನು ಕಟ್ಟಿದ್ದಲ್ಲ.

ಸಿದ್ದೇಶ ಓಡಿಹೋಗಿ ಶೆಡ್ಡಿನ ಕತ್ತಲೆಗೆ ಹೊಡೆದ. ಪಚ್. ಮತ್ತೆ ಕುದುರೆ ಒತ್ತಿದ, ಹಾರಲಿಲ್ಲ. ಚಿಪ್ಪು ಬಾಯಲ್ಲಿ ಸಿಕ್ಕಿಕೊಂಡಿತ್ತು. ಎಳೀತಾನೆ, ಬರಲ್ಲ. ಸರಕ್… ಸರಕ್… ಚಕ್ ಅನ್ನೋದೇ ಇಲ್ಲ. ಅಷ್ಟರಲ್ಲಿ ಚಿಕ್ಕಿ ಹೋಗಿ ಶೆಡ್ಡಿನ ಬಾಗಿಲಿಗೆ ಬೆನ್ನು ಕೊಟ್ಟು, ಅವನ ಪಿಸ್ತೂಲಿಗೆ ಎದೆ ಕೊಟ್ಟು ನಿಂತಳು.

"ಹೊಡಿ," ಅಂದಳು. "ಅವತ್ತು ಯಾರಿಗೂ ಕೇಳಲಿಲ್ಲ. ಇವತ್ತು ನಾನು ಕೇಳಿಸ್ಕೊಂಡಿದ್ದೀನಿ."

ಅವಳ ಕೂಗು ಆಗಲೇ ಹಾಡಿಗೆ ಮುಟ್ಟಿತ್ತು. ಒಂದು ಗುಡಿಸಲಿಂದ ಇನ್ನೊಂದಕ್ಕೆ ಕೂಗು ಹತ್ತಿಕೊಂಡು, ಟಾರ್ಚು ಹಿಡಿದು ಜನ ಗದ್ದೆ ದಾಟಿ ಬಂದರು. ನಾವೂ ಓಡಿದೆವು. ಎಲ್ಲರಿಗಿಂತ ಮುಂದೆ ಕುಳ್ಳನ್, ಆ ವಯಸ್ಸಿಗೆ. ಸೊಸೆ ಮುಖ ನೋಡಿದ, ಶೆಡ್ಡಿನ ಮುಂದೆ ಕೂತುಬಿಟ್ಟ. ಹಾಡಿಯವರೆಲ್ಲ ಸುತ್ತ ಕೂತರು. ಸಿದ್ದೇಶ ಬೈದ, ಗದರಿದ, ಕೊನೆಗೆ ಕೈ ಮುಗಿದ. ಒಬ್ಬರೂ ಏಳಲಿಲ್ಲ. ಪೊಲೀಸರು ಬಂದು ಸಿಪ್ಪೆ ಸರಿಸಿ ನೆಲ ಅಗೆಯೋವರೆಗೂ ಏಳಲಿಲ್ಲ.

ಜೋಗಿ ಸಿಕ್ಕಿದ. ಎಲುಬು, ಚಿಂದಿ ಅಂಗಿ, ಅದರ ಮಡಿಕೆಯಲ್ಲಿ ಅರ್ಧ ಸುಟ್ಟ ಬೀಡಿ, ತಲೆಬುರುಡೆಯಲ್ಲಿ ತೂತು. ಮಾನಂದವಾಡಿ ಆಸ್ಪತ್ರೆಗೆ ಒಯ್ದು ನೋಡಿದಾಗ ಒಳಗೇ ಗುಂಡಿತ್ತು. ಕತ್ತಲಲ್ಲಿ ಹಂದಿ ಅಂದ್ಕೊಂಡೆ ಅಂದನಂತೆ ಸಿದ್ದೇಶ. ಬೀಡಿ ಸೇದ್ತಾ ಕೂತಿರೋ ಹಂದಿಯನ್ನ ಅವನೊಬ್ಬನೇ ನೋಡಿರಬೇಕು! ಈಗ ಜೈಲಿನಲ್ಲಿದ್ದಾನೆ. ಜೋಗಿಯನ್ನ ಹಾಡಿಯವರು ತಮ್ಮ ಕ್ರಮದಲ್ಲೇ ಮಣ್ಣು ಮಾಡಿದರು. ಚಿಕ್ಕಿ ಅವತ್ತೇ ಮನಸಾರೆ ಅತ್ತದ್ದು. ಅಲ್ಲಿಂದೀಚೆಗೆ ಬಾವಿ ಹತ್ತಿರ ಯಾರೂ ಯಾರನ್ನೂ ದಾರಿ ಕೇಳಿಲ್ಲ.

ಇನ್ನೊಂದು ಮಾತಿದೆ. ನಂಬಿ, ಬಿಡಿ. ಆ ಶೆಡ್ಡಿಗೆ ಮೇಲೆ ತಗಡು, ಸುತ್ತ ಗೋಡೆ. ಒಳಗೆ ಒಂದು ಹನಿ ನೀರು ಬೀಳಲ್ಲ. ಅಗೆದ ಮಣ್ಣು ಕೈಗೆ ಹತ್ತದಷ್ಟು ಒಣಗಿತ್ತು. ಜೋಗಿಯ ಪಾದದ ಎಲುಬಿಗೆ ಮಾತ್ರ ಗದ್ದೆಯ ಹಸಿ ಕೆಸರು ಮೆತ್ತಿತ್ತು. ಬೆರಳ ಸಂದಿಯಲ್ಲಿ ನಾಟಿಯ ಪೈರೊಂದು ಸಿಕ್ಕಿಕೊಂಡಿತ್ತು, ಬೇರು ಸಮೇತ, ಹಸುರಾಗಿ. ಇದನ್ನ ಇಲ್ಲಿ ಯಾರು ಹಾಕಿದ್ದು ಅಂತ ಪೊಲೀಸರು ನಮ್ಮನ್ನೇ ಕೇಳಿದರು. ನಾನಲ್ಲೇ ನಿಂತಿದ್ದೆ, ಈ ಕಣ್ಣಿಂದಲೇ ನೋಡಿದೆ.