ಧರ್ಮತಾಯಿಗೆ ಎರಡು ಕುರ್ಚಿ

ಫಿಲಿಪ್ಪೀನ್ಸ್‌ನ ಇಲೊಯ್ಲೊದಲ್ಲಿ ಗಿಮಾರಾಸ್ ದ್ವೀಪದ ದೋಣಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಒಂದೇ ಆಫೀಸಿನ ಇಬ್ಬರು: ನಾಳೆ ಮದುವೆಯಾಗಲಿದ್ದ ಜೋವೆಲಿನ್, ಅವಳು 'ಮನಾಂಗ್', ಅಂದರೆ ಅಕ್ಕ, ಎಂದು ಕರೆಯುತ್ತಿದ್ದ ಹಿರಿಯಳು ನಿಲ್ದಾ. ಜೋವೆಲಿನ್ ತೊಡೆಯ ಮೇಲೆ ಲ್ಯಾಪ್‌ಟಾಪ್, ಕಣ್ಣಲ್ಲಿ ನೀರು.

"ಮನಾಂಗ್, ಅತಿಥಿಗಳ ಎಕ್ಸೆಲ್ ಪಟ್ಟೀಲಿ ರೊಸೆಂದಾ ಮಗ್ಬಾನುವಾ ಅಂತ ಹುಡುಕಿದ್ರೆ ಇಲ್ಲ ಅಂತಿದೆ. ಮದುವೆಗೆ ಸಾಕ್ಷಿಯಾಗಿ ನಿಲ್ಲೋ ಧರ್ಮತಾಯಿನೇ ಬಿಟ್ಬಿಟ್ಟಿದ್ದೀನಿ!"

"ಅಳಬೇಡ ಕಣೇ. ಪೂರ್ತಿ ಹೆಸರು ನೀನೇ ಬರೆದ್ಯಾ?"

"ಇಲ್ಲ. ಹೆಸರು ಒಂದು ಕಾಲಂ, ಮನೆತನದ ಹೆಸರು ಇನ್ನೊಂದು. ಫಾರ್ಮುಲಾ ಹಾಕಿ ಜೋಡಿಸ್ದೆ."

"ಅದಕ್ಕೇ. ಅದು ಫಾರ್ಮುಲಾ ಒಳಗೆ ಹುಡುಕ್ತಿದೆ. ಅಲ್ಲಿ ಬರೀ ಎ೨, ಬಿ೨ ಇರುತ್ತೆ, ರೊಸೆಂದಾ ಎಲ್ಲಿರ್ತಾರೆ? ಹುಡುಕೋ ಕಿಟಕೀಲಿ 'ಆಪ್ಷನ್ಸ್' ಒತ್ತು, 'ಲುಕ್ ಇನ್' ಅನ್ನೋ ಕಡೆ 'ವ್ಯಾಲ್ಯೂಸ್' ಅಂತಿದೆ, ಅದನ್ನ ಆರಿಸು. ಕಣ್ಣಿಗೆ ಕಾಣೋ ಹೆಸರಲ್ಲಿ ಹುಡುಕುತ್ತೆ."

"ಅಯ್ಯೋ, ಸಿಕ್ಕಿದ್ರು! ಮೂರನೇ ಮೇಜಲ್ಲೇ ಇದ್ದಾರೆ!"

"ಮತ್ಯಾಕೆ ಇನ್ನೂ ಮುಖ ಸಪ್ಪಗೆ?"

"ಬೆಳಿಗ್ಗೆ ಗಾಬರೀಲಿ ಹಾಲ್‌ನವರಿಗೆ ಫೋನ್ ಮಾಡಿ, ಅವರ ಹೆಸರಲ್ಲಿ ಇನ್ನೊಂದು ಕುರ್ಚಿ ಹಾಕ್ಸಿದ್ದೀನಿ."

ಅಷ್ಟರಲ್ಲಿ ದೋಣಿಯವನು ಕೂಗಿದ. ಇಬ್ಬರೂ ಚೀಲ ಎತ್ತಿಕೊಂಡು ಓಡಿದರು. ಓಡುತ್ತಲೇ ನಿಲ್ದಾ ನಗುತ್ತಿದ್ದಳು.

"ಇರ್ಲಿ ಬಿಡೇ! ಒಂದ್ರಲ್ಲಿ ಅವರು ಕೂರ್ತಾರೆ, ಇನ್ನೊಂದ್ರಲ್ಲಿ ಅವರು ಮನೆಗೆ ಕಟ್ಟಿಸ್ಕೊಂಡು ಹೋಗೋ ಹಂದಿಮಾಂಸ ಕೂರುತ್ತೆ!"