ತಮ್ಮನ ಮೈಯಲ್ಲಿ ಅಕ್ಕನ ರಕ್ತ

ರಕ್ತ ಪರೀಕ್ಷೆಗೆ ಕಾದಿದ್ದ ಜೀವಶಾಸ್ತ್ರದ ಮೇಷ್ಟ್ರು ಪಕ್ಕದ ಬೆಂಚಿನ ಅಕ್ಕ-ತಮ್ಮಂದಿರ ಮಾತಿಗೆ ಮೈಯೆಲ್ಲ ಕಿವಿಯಾಗಿದ್ದರು. ತಮ್ಮನಿಗೆ ಅಪರೂಪದ ರಕ್ತದ ಕ್ಯಾನ್ಸರ್. ಹೊಸ ರಕ್ತ ಹುಟ್ಟಲು ಸ್ಟೆಮ್ ಸೆಲ್ ಕೊಟ್ಟವಳು ಅಕ್ಕ.

“ಇವತ್ತು ಏನು ನೋಡ್ತಾರಂತೋ?”

“ನಿನ್ನ ಹೆಣ್ಣು ಕೋಶಗಳ ಮಧ್ಯೆ ನನ್ನ ಗಂಡು ಕೋಶ ಉಳಿದಿದ್ಯಾ ಅಂತ.”

“ಉಳಿದಿದ್ರೆ?”

“ಹಳೇದು ತಲೆ ಎತ್ತಿದೆ ಅಂತ. ಕಾಯಿಲೆನೂ ಬೆನ್ನಿಗೇ ಬಂದಿರಬಹುದು.”

“ಒಂದೂ ಇಲ್ದಿದ್ರೆ?”

“ನಿನ್ನದು ಬೇರು ಬಿಟ್ಟಿದೆ ಅಂತ. ನನ್ನ ರಕ್ತ ಪೂರ್ತಿ ಹೆಣ್ಣು.”

“ಚಿಕ್ಕೋಳಿದ್ದಾಗ ತಂಗಿ ಬೇಕು ಅಂತ ಹಟ ಮಾಡಿದ್ದೆ. ಅಮ್ಮ ನಿನ್ನ ಹೆತ್ತಳು.”

“ಅದಕ್ಕೇ ಬಿಡದೆ ತಂಗಿ ಮಾಡ್ಕೊಂಡೆ ಅನ್ನು!”

ನರ್ಸ್ ಬಾಗಿಲಲ್ಲಿ ನಿಂತು ಕರೆದಳು. ತಮ್ಮ ಏಳಲಿಲ್ಲ.

“ಕಾಲು ನಡುಗ್ತಿದೆ ಕಣಕ್ಕ.”

“ಕಾಲಿನ್ನೂ ನಿಂದೇ ಕಣೋ, ರಕ್ತ ಮಾತ್ರ ನಂದು. ಏಳು.”

ಇಬ್ಬರೂ ಒಳಹೋದರು. ಮೇಷ್ಟ್ರು ಪಕ್ಕದ ಕೋಣೆಯಲ್ಲಿ ತಮ್ಮ ಸರದಿ ಬಂದರೂ ಏಳದೆ ಆ ಮುಚ್ಚಿದ ಬಾಗಿಲನ್ನೇ ನೋಡುತ್ತಿದ್ದರು.