ಶುಕ್ರಕ್ಕೆ ಹೊರಟಿದ್ದು ಅಕ್ಕನ ತಾರಸಿಗೆ

"ಹಲೋ... ಯಾರು ಮಾತಾಡ್ತಿರೋದು? ... ಯಾರು? ... ಸ್ವಲ್ಪ ಜೋರಾಗಿ ಹೇಳಿ. ಇದು ಬಾಹ್ಯಾಕಾಶ ನೀತಿ ವಿಭಾಗ. ಪತ್ರಿಕೆಯವರಾದ್ರೆ ಒಂಬತ್ತು ಗಂಟೆಗೆ ಪತ್ರಿಕಾಗೋಷ್ಠಿ ಇದೆ, ಅಲ್ಲಿಗೇ ಬಂದುಬಿಡಿ..."

ಅಧಿಕಾರಿ ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಟೈ ಹಿಡಿದು ಕಿಟಕಿಯ ಗಾಜಿನಲ್ಲಿ ಮುಖ ನೋಡಿಕೊಳ್ಳುತ್ತಿದ್ದ. ನಿನ್ನೆ ಟೀವಿಯಲ್ಲಿ ಬಂದ ಮೇಲೆ ಆ ಮುಖಕ್ಕೊಂದು ಕಳೆ ಬಂದಿದೆ ಎಂದು ಅವನಿಗೆ, ಅವನೊಬ್ಬನಿಗೆ, ಅನ್ನಿಸಿತ್ತು. ನಲವತ್ತು ವರ್ಷಗಳ ಹಿಂದೆ ಶುಕ್ರಗ್ರಹದ ಮೇಲೆ ಇಳಿಯಲೆಂದು ಬೇರೆ ದೇಶವೊಂದು ಹಾರಿಸಿದ್ದ ನೌಕೆ ಭೂಮಿಯ ಸೆಳೆತವನ್ನೇ ದಾಟಲಾಗದೆ ಸುತ್ತುತ್ತಿತ್ತು. ಅದು ಇವತ್ತು ಬೆಳಿಗ್ಗೆ ಎಲ್ಲೋ ಬೀಳುವುದಿತ್ತು. 'ನಿಮ್ಮ ಮನೆಯ ಮೇಲೆ ಬೀಳುವ ಸಾಧ್ಯತೆ ಇಲ್ಲವೆಂದೇ ಹೇಳಬಹುದು' ಎಂದು ಹೇಳಿಕೆ ಬರೆದವನೂ ಅವನೇ, ಟೀವಿಯಲ್ಲಿ ನಗುನಗುತ್ತಾ ಓದಿದವನೂ ಅವನೇ.

"ಅಕ್ಕಾ? ನೀನಾ? ... ಯಾರ ನಂಬರಿದು? ... ಎದುರು ಅಂಗಡಿಯವರದ್ದಾ? ನಿನ್ನ ಫೋನಿಗೇನಾಯ್ತು? ... ನೆನೆದುಹೋಯ್ತಾ? ... ನಿಧಾನ, ಅಕ್ಕಾ, ನಿಧಾನ. ಟ್ಯಾಂಕ್ ಒಡೆದು ಮೆಟ್ಟಿಲ ಮೇಲೆಲ್ಲ ನೀರು. ಸರಿ. ಅದಕ್ಕೆ ಪ್ಲಂಬರ್‌ನ ಕರೀಬೇಕು, ನನಗ್ಯಾಕೆ..."

...

"ಏನು ಬಿತ್ತು?"

...

"ಎಷ್ಟು ದೊಡ್ಡದು? ... ನಿಮ್ಮ ಲಾಂಡ್ರಿಯ ದೊಡ್ಡ ಮಷಿನ್ನಷ್ಟಾ? ... ದುಂಡಗೆ? ಕಪ್ಪಗೆ? ... ಹಬೆ ಬರ್ತಿದೆಯಾ?"

ಅವನು ಕೂರಲು ಹೋದ. ಕುರ್ಚಿ ಇನ್ನೂ ಎರಡು ಹೆಜ್ಜೆ ಆಚೆ ಇತ್ತು. ಕಡತಗಳ ರಾಶಿಯ ಮೇಲೆ ಕುಕ್ಕರಿಸಿದ.

"ಯಾರಿಗಾದ್ರೂ ಏಟಾಯ್ತಾ? ಮೊದಲು ಅದು ಹೇಳು. ... ಕೆಲಸದವರು? ... ಎಲ್ಲ ಹೊರಗೆ ಬಂದ್ರಾ? ... ಭಾವ? ... ಅಕ್ಕಾ, ಭಾವ ಎಲ್ಲಿ?"

ಬೆಳಿಗ್ಗೆ ಎಂಟಕ್ಕೆ ಭಾವ ಎಲ್ಲಿರುತ್ತಾರೆಂದು ಮನೆಮಂದಿಗೆಲ್ಲ ಗೊತ್ತು. ತಾರಸಿಯಲ್ಲಿ, ಟ್ಯಾಂಕಿನ ನೆರಳಿನಲ್ಲಿ, ಮರದ ಕುರ್ಚಿಯ ಮೇಲೆ, ಪೇಪರ್ ಹಿಡಿದು. ಗೋಡೆಯ ಗಡಿಯಾರ ಎಂಟೂ ಹತ್ತು ತೋರಿಸುತ್ತಿತ್ತು.

"ಮಾತಾಡು ಅಕ್ಕಾ..."

...

"ಮೇಲಿದ್ದಾರಾ? ... ಹಾಂ? ಈಗ ಹತ್ತಿದ್ದು? ಬಿದ್ದ ಮೇಲೆ, ನೋಡೋಕೆ? ... ಬಟ್ಟೆ ಒಣಗಿಸೋ ಕೋಲು ತಗೊಂಡು? ತಿವೀತಿದ್ದಾರಾ! ಕೆಳಗೆ ಕರಿ ಅವರನ್ನ! ಅದರೊಳಗೆ ಹಳೇ ಇಂಧನ ಉಳಿದಿರಬಹುದು. ವಿಷ ಅದು, ಉಸಿರಲ್ಲಿ ಹೋದ್ರೆ ಕಷ್ಟ. ನಾನು ಹೇಳಿದೆ ಅನ್ನು. ... ಏನಂದ್ರು? ... 'ಬೀಳೋದೇ ಇಲ್ಲ ಅಂದವನ ಮಾತು ನಾನ್ಯಾಕೆ ಕೇಳ್ಲಿ' ಅಂದ್ರಾ? ... ಸರಿಯಾಗೇ ಅಂದ್ರು. ಆದ್ರೂ ಇಳೀಲಿ! ನನ್ನ ಮಾತು ಬೇಡ, ನೀನೇ ಬೈದು ಕರಿ. ... ಕರೆದ್ಯಾ? ... ಇಳೀತಿದ್ದಾರಾ? ... ಬಂದ್ರಾ?"

...

"ಅಬ್ಬಾ. ಅಂಗಿ ಅಲ್ಲೇ ಬಿಚ್ಚಿ ಹಾಕಲಿ, ಸೋಪು ಹಚ್ಚಿ ಕೈ ತೊಳೀಲಿ. ... ಅಂಗೀನ ಒಗೆಯೋಕೆ ಹಾಕ್ಬೇಡ! ... ನೀನು ಹಾಕೇ ಹಾಕ್ತೀಯ, ಅದಕ್ಕೇ ಹೇಳಿದ್ದು. ... ಅಗ್ನಿಶಾಮಕದವರಿಗೆ ಹೇಳಿದ್ರಾ? ... ಹೊರಟಿದ್ದಾರಂತಾ? ಒಳ್ಳೇದು. ಯಾರೂ ಮೇಲೆ ಹೋಗ್ಬೇಡಿ. ... ಅಲ್ಲಾ, ಬಿದ್ದಾಗ ಭಾವ ಎಲ್ಲಿದ್ರು? ... ಇಸ್ತ್ರಿ ಮೇಜಿನ ಕೆಳಗಾ? ... ನೀನೇ ಕೂರಿಸಿದ್ಯಾ? ... ಕುರ್ಚಿ? ... ಒಂದು ಕಾಲೂ ಉಳಿದಿಲ್ವಾ?"

ನಿನ್ನೆ ಸಂಜೆ ಅಕ್ಕ ಫೋನು ಮಾಡಿ, 'ಅಂಗಡಿ ಮುಚ್ಚಿ ಚಿಕ್ಕಮ್ಮನ ಮನೆಗೆ ಹೋಗಿಬಿಡೋಣ್ವಾ?' ಎಂದು ಕೇಳಿದ್ದಳು. ತಲೆ ಸರಿ ಇದೆಯಾ ಎಂದಿದ್ದ. ಅಷ್ಟಕ್ಕೇ ಬಿಟ್ಟಿರಲಿಲ್ಲ.

"ಅಕ್ಕಾ, ಒಂದು ಮಾತು. ನಿನ್ನೆ ನಿನ್ನ ಫೋನ್ ನಾನು ಸ್ಪೀಕರಿಗೆ ಹಾಕಿದ್ದೆ. ಇಲ್ಲಿದ್ದ ನಾಲ್ಕು ಜನ ಕೇಳಿ ನಕ್ಕರು. ಎಲ್ಲರಿಗಿಂತ ಜೋರಾಗಿ ನಾನು. ... ಗೊತ್ತಾಗಿತ್ತಾ? ... ನಗು ಕೇಳಿಸ್ತಾ ನಿನಗೆ? ... ಮತ್ತೆ ಯಾಕೆ ಬೈಲಿಲ್ಲ? ... ಟೀವಿಗೆ ಹೋಗೋ ಹೊತ್ತು ಅಂತಾ? ... ಹೂಂ."

...

"ಯಾರದ್ದು ಅಂದ್ರೆ, ಬಾಹ್ಯಾಕಾಶ ಒಪ್ಪಂದದ ಪ್ರಕಾರ ಹಾರಿಸಿದ ದೇಶದ್ದೇ. ಎಷ್ಟು ವರ್ಷ ಆದ್ರೂ. ... ಇಲ್ಲ, ಗುಜರಿಗೆ ಹಾಕೋ ಹಾಗಿಲ್ಲ. ಟ್ಯಾಂಕು, ತಾರಸಿ ಎಲ್ಲಾ ಅವರೇ ಕಟ್ಟಿಕೊಡ್ಬೇಕು. ... ಒಪ್ಪದಿದ್ರಾ? ಅದಕ್ಕೊಂದು ಸಮಿತಿ ಇದೆ. ... ಕಾರ್ಯದರ್ಶಿ ನಾನೇ. ... ಆರು ವರ್ಷದಲ್ಲಿ ಒಂದು ಸಲ ಸೇರಿದ್ವಿ, ಅಕ್ಕಾ. ಗುಂಪಿನ ಫೋಟೋ ಚೆನ್ನಾಗಿ ಬಂತು."

ಬಾಗಿಲಲ್ಲಿ ವಿಭಾಗದ ನಿರ್ದೇಶಕಿ ಬಂದು ನಿಂತರು. ಕೈಯಲ್ಲಿ ಒಂಬತ್ತು ಗಂಟೆಗೆ ಅವನು ಓದಬೇಕಾದ ಹೇಳಿಕೆ ಇತ್ತು.

"ಒಂದು ನಿಮಿಷ ಇರು ಅಕ್ಕಾ. ... ಮೇಡಂ, ಬಿದ್ದಿದೆ. ... ಸಮುದ್ರಕ್ಕಲ್ಲ. ನಮ್ಮಕ್ಕನ ಲಾಂಡ್ರಿ ಮೇಲೆ. ... ಯಾರಿಗೂ ಏನೂ ಆಗಿಲ್ಲ. ... 'ನಾವು ಹೇಳಿದ ಹಾಗೇ ಯಾರಿಗೂ ಅಪಾಯ ಆಗಲಿಲ್ಲ' ಅಂತ ಸೇರಿಸ್ಬೇಕಾ? ... ಆಗಲ್ಲ ಮೇಡಂ. ನಾವು ಹೇಳಿದ ಹಾಗೆ ಕೇಳಿದ್ದಿದ್ರೆ ನಮ್ಮ ಭಾವ ಇವತ್ತು ಇರ್ತಿರಲಿಲ್ಲ. ... ಓದ್ತೀನಿ, ಆದ್ರೆ ಇದನ್ನಲ್ಲ. ... ಬೇರೆಯವರ ಕೈಲಿ ಓದಿಸಿದ್ರೆ ನಾನು ಪತ್ರಿಕೆಯವರ ಸಾಲಲ್ಲಿ ಕೂತು ಕೈ ಎತ್ತುತ್ತೀನಿ."

ನಿರ್ದೇಶಕಿ ಹಾಳೆಯನ್ನೂ ಅವನನ್ನೂ ನೋಡಿದರು. ಕೊನೆಗೆ ಹಾಳೆಯನ್ನು ತಿರುಗಿಸಿ, ಖಾಲಿ ಬದಿ ಮೇಲೆ ಮಾಡಿ, ಪೆನ್ನಿನ ಜೊತೆ ಮೇಜಿನ ಮೇಲಿಟ್ಟು ಹೊರಟುಹೋದರು.

"ಅಕ್ಕಾ? ... ಬೈಲಿಲ್ಲ. ಸಂಜೆಗೆ ಇಟ್ಕೊಂಡಿರ್ತಾರೆ. ... ಕೆಲಸ ಹೋದ್ರೆ ನಿನ್ನ ಹತ್ರ ಇಸ್ತ್ರಿ ಮಾಡ್ತೀನಿ. ... ಸುಡ್ತೀನಾ? ಸುಡಬಹುದು. ... ಯಾರು, ಅಗ್ನಿಶಾಮಕದವರು ಬಂದ್ರಾ? ... ಡಾಕ್ಟರೂ ಇದ್ದಾರಾ? ಭಾವನ್ನ ನೋಡ್ಲಿ ಮೊದಲು. ... ಕಣ್ಣುರಿ ಇದೆಯಾ ಕೇಳು. ... ಇಲ್ವಾ? ... ಎದೆ? ... ಏನಂದ್ರು ಡಾಕ್ಟರು?"

...

"ಚೆನ್ನಾಗಿದ್ದಾರಾ? ... ಇನ್ನೊಂದು ಸಲ ಹೇಳು. ... ಚೆನ್ನಾಗಿದ್ದಾರಾ. ಹಾಂ."

ಅವನು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ. ಒರೆಸಬೇಕಾದದ್ದು ಕನ್ನಡಕವನ್ನಲ್ಲ.

"ಇಲ್ಲ, ನೆಗಡಿ. ... ಹತ್ತು ಗಂಟೆಗೆ ಇಲ್ಲಿಂದ ಹೊರಡ್ತೀನಿ. ... ಬರ್ತೀನಿ ಅಂದ್ನಲ್ಲ. ... ಒಂದೇ ಒಂದು ಕೇಳ್ತೀನಿ, ನಿಜ ಹೇಳು. ಈಗ್ಲೂ ಹೆದರಿಕೆ ಆಗ್ತಿದೆಯಾ? ... ಕಾಲು ನಡುಗ್ತಿದೆಯಾ? ... ನಂದೂ, ಅಕ್ಕಾ. ನಂದೂ ನಡುಗ್ತಿದೆ. ... ಕೇಳಿಸ್ತಾ? ... ಹಲೋ? ... ಅಕ್ಕಾ? ... ಛೆ, ಅಂಗಡಿಯವರ ಫೋನಿನ ಚಾರ್ಜೇ ಮುಗೀತೇನೋ."